ಅಂಟುವಾಳದ ನೀರಿನಲ್ಲಿ ಬಟ್ಟೆ: ಮಾಡುವ ಮುನ್ನ ಮನೆಯ ನೀರು ನೋಡಿ

ಬಟ್ಟೆ ಒಗೆಯುವ ದ್ರಾವಣವನ್ನು ಮನೆಯಲ್ಲೇ ಮಾಡಲು ಹೊರಟವರು ಹೆಚ್ಚಾಗಿ ಸೋಪು ತುರಿದು, ವಾಷಿಂಗ್ ಸೋಡಾ ಬೆರೆಸಿ ಕಾಯಿಸುತ್ತಾರೆ. ಹಳೇಬೀಡಿನ ಸುತ್ತ ಬೋರ್‌ವೆಲ್ ನೀರು ಬಳಸುವವರಿಗೆ ಆ ದಾರಿ ಬೇಡ ಎನ್ನುತ್ತೇನೆ.

ನಮ್ಮದು ಬೇಲೂರಿನ ಮಲೆನಾಡಿಗೂ ಅರಸೀಕೆರೆಯ ಬಯಲುಸೀಮೆಗೂ ನಡುವಿನ ಊರು. ಪೂರ್ವಕ್ಕೆ ಹೋದಷ್ಟೂ ಮಳೆ ಕಡಿಮೆ, ಬೋರ್‌ವೆಲ್ ಹೆಚ್ಚು. ಆಳದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಖನಿಜಗಳು ಕರಗಿರುತ್ತವೆ. ಅದೇ ಗಡಸು ನೀರು. ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದು, ಬೇಳೆ ಬೇಯಲು ಹೊತ್ತು ಹಿಡಿಯುವುದು ಇದರಿಂದಲೇ. ಇಂಥ ನೀರಿಗೆ ಬಿದ್ದ ಸೋಪು ನೊರೆಯಾಗದೆ, ಕೆಟ್ಟ ಹಾಲಿನಂತೆ ಒಡೆಯುತ್ತದೆ. ಆ ಜಿಡ್ಡು ಬಟ್ಟೆಯ ಎಳೆಗಳಲ್ಲೇ ಕೂತು, ಬರಬರುತ್ತಾ ಬಿಳಿ ಪಂಚೆ ಮಾಸಲಾಗುತ್ತದೆ.

ಪರೀಕ್ಷೆ ಸುಲಭ. ಒಂದು ಬಾಟಲಿಗೆ ಅರ್ಧ ನಿಮ್ಮ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು ಹಾಕಿ. ಎರಡಕ್ಕೂ ಮೈಸೋಪಿನ ಚಿಕ್ಕ ಚೂರು ಹಾಕಿ ಕುಲುಕಿ. ಮಳೆನೀರು ನೊರೆ ಉಕ್ಕಿಸಿ, ನಿಮ್ಮ ನೀರು ಬರೀ ಬೆಳ್ಳಗೆ ಕದಡಿದರೆ ಅದು ಗಡಸು.

ಇಲ್ಲಿಗೆ ಒಗ್ಗುವುದು ಅಂಟುವಾಳ. ಇದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ತರುವ ಪದಾರ್ಥವಿದೆ. ಅದರ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹೀಗೆ ಕೊಳೆ ಬಟ್ಟೆಯಿಂದ ಬಿಡುತ್ತದೆ. ಗಡಸು ನೀರಿನಲ್ಲಿ ಇದು ಸೋಪಿನ ಹಾಗೆ ಒಡೆಯುವುದಿಲ್ಲ. ಅಕ್ಕಸಾಲಿಗರು ಒಡವೆ ತೊಳೆಯುವುದು, ಹಿರಿಯರು ರೇಷ್ಮೆ ಸೀರೆ ಒಗೆಯುತ್ತಿದ್ದುದು ಇದರಲ್ಲೇ.

ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಒಂದೂಕಾಲು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ 20 ನಿಮಿಷ ಕುದಿಸಿ. ದೊಡ್ಡ ಪಾತ್ರೆಯೇ ಇರಲಿ, ನೊರೆ ಉಕ್ಕಿ ಒಲೆ ಆರಿಸಿಬಿಡುತ್ತದೆ. ಆರಿದ ಮೇಲೆ ಕೈಯಿಂದ ಚೆನ್ನಾಗಿ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಕಣ್ಣಿಗೆ ಸಿಡಿದರೆ ವಿಪರೀತ ಉರಿಯುತ್ತದೆ, ಜೋಪಾನ. ನೋಡಲು ಥೇಟ್ ಟೀ ಡಿಕಾಕ್ಷನ್! ಹಾಗಾಗಿ ಬಾಟಲಿಗೆ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ.

ಒಂದು ಬಕೆಟ್ ನೀರಿಗೆ ಸುಮಾರು 100 ಮಿಲಿ ಸಾಕು. ಹತ್ತಿ ಬಟ್ಟೆಯಾದರೆ ಮೊದಲು ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ. ಅದು ನೀರಿನ ಗಡಸುತನ ಇಳಿಸುತ್ತದೆ. ಅಡುಗೆ ಸೋಡಾ ಬೇರೆ, ಇದು ಬೇರೆ. ಕಾಸ್ಟಿಕ್ ಸೋಡಾವನ್ನಂತೂ ಮುಟ್ಟಲೇಬೇಡಿ, ಅದು ಚರ್ಮ ಸುಡುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ಬೇಡ, ಎಳೆ ಹಾಳಾಗುತ್ತದೆ.

ನೊರೆ ಕಡಿಮೆಯಲ್ಲವೇ ಎಂದು ಕೇಳಬಹುದು. ಕಡಿಮೆಯೇ, ಆದರೂ ಬೆವರು, ಧೂಳು ಹೋಗುತ್ತವೆ. ಎಣ್ಣೆ ಕಲೆ ಮಾತ್ರ ಜಗ್ಗುವುದಿಲ್ಲ, ಅದಕ್ಕೆ ಅಂಗಡಿಯ ಪುಡಿಯೇ ವಾಸಿ. ಅಂಗಡಿಯ ಪುಡಿಯಲ್ಲಿ ಬಟ್ಟೆಗೆ ಬೆಳ್ಳನೆಯ ಹೊಳಪು ಕೊಡುವ ರಾಸಾಯನಿಕವೂ ಇರುತ್ತದೆ, ಇದರಲ್ಲಿಲ್ಲ. ಬಿಳಿ ಯೂನಿಫಾರಂ ಆದರೆ ಚೆನ್ನಾಗಿ ಜಾಲಿಸಿ, ಕೊನೆಯ ನೀರಿಗೆ ನೀಲಿ ಹಾಕಿ.

ಸೋಸಿದ ನೀರು ಹೊರಗಿಟ್ಟರೆ ಎರಡು ಮೂರು ದಿನಕ್ಕೇ ಹುಳಿಯಾಗಬಹುದು. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಬಟ್ಟೆ ಒಗೆದು ಉಳಿದ, ಸೋಡಾ ಹಾಕದ ನೀರನ್ನು ತೆಂಗಿನ ಬುಡಕ್ಕೆ ಬಿಡಬಹುದು. ಸೋಡಾ ನೀರು ಬಿಟ್ಟರೆ ಮಣ್ಣು ಚೌಳಾಗುತ್ತದೆ. ಅಂಟುವಾಳದ ನೀರನ್ನು ನಮ್ಮೂರಿನ ದ್ವಾರಸಮುದ್ರ ಕೆರೆಗಾಗಲಿ, ಬೇರೆ ಯಾವ ಕೆರೆಗಾಗಲಿ ತಂದು ಬಟ್ಟೆ ಒಗೆಯಬೇಡಿ. ಸಪೋನಿನ್ ಮೀನಿಗೆ ವಿಷ. ಮೀನು ಹಿಡಿಯಲು ಅಂಟುವಾಳ ಅರೆದು ನೀರಿಗೆ ಹಾಕುತ್ತಿದ್ದ ಕಾಲವಿತ್ತು.

ಖರ್ಚು? ಸಿಪ್ಪೆ ಕಿಲೋಗೆ 200 ರೂಪಾಯಿ ಇದೆ ಎನ್ನಿ. 100 ಗ್ರಾಮಿಗೆ 20 ರೂಪಾಯಿ. ಅದರಲ್ಲಿ ಒಂಬತ್ತು ಹತ್ತು ಬಕೆಟ್ ಆಗುತ್ತದೆ, ಅಂದರೆ ಬಕೆಟ್ಟಿಗೆ ಎರಡು ರೂಪಾಯಿಯ ಆಸುಪಾಸು. ಸೋಡಾ, ಗ್ಯಾಸು ಬೇರೆ.

ಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ. ಹಳೇಬೀಡಿನಲ್ಲಿ ಸಿಗದಿದ್ದರೆ ಹಾಸನ, ಅರಸೀಕೆರೆಗೆ ಹೋದಾಗ ತನ್ನಿ. ತೂಕ ಮಾಡಿಸುವ ಮುನ್ನ ಬೀಜ ತೆಗೆದದ್ದೇ ಎಂದು ನೋಡಿಕೊಳ್ಳಿ. ನೊರೆ ಇರುವುದು ಸಿಪ್ಪೆಯಲ್ಲಿ, ಬೀಜದ ತೂಕಕ್ಕೆ ಕೊಟ್ಟ ದುಡ್ಡು ದಂಡ.