ದ್ರಾಕ್ಷಿ ತೋಟದ ದಾಖಲೆ ತೆರೆಯಲು ಶಾರ್ಟ್‌ಕಟ್ ಕೀಲಿ

ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ತಿಕೋಟಾದ ಕಡೆಗೂ, ಬಬಲೇಶ್ವರದ ಸುತ್ತಮುತ್ತಲೂ ದ್ರಾಕ್ಷಿ ತೋಟಗಳು ಹೇರಳವಾಗಿವೆ. ಅಕ್ಟೋಬರ್ ಚಾಟಣಿಯ ನಂತರ ಮೋಡ, ಮಳೆ ಕಂಡುಬಂದರೆ ರೈತರು ಡೌನಿ ಎಂದು ಕರೆಯುವ ಬೂಜು ತುಪ್ಪಟ ರೋಗದ ಹತೋಟಿಗಾಗಿ ಪದೇ ಪದೇ ಔಷಧಿ ಸಿಂಪಡಿಸಬೇಕಾಗುತ್ತದೆ. ಯಾವ ಔಷಧಿಯನ್ನು, ಎಷ್ಟು ಪ್ರಮಾಣದಲ್ಲಿ, ಯಾವ ದಿನ ಸಿಂಪಡಿಸಲಾಯಿತು ಎಂಬುದು ಬರಹದಲ್ಲಿರುವುದು ಅತ್ಯವಶ್ಯ. ಕೊನೆಯ ಸಿಂಪರಣೆಗೂ ಕೊಯ್ಲಿಗೂ ನಡುವೆ ಔಷಧಿಯ ಡಬ್ಬಿಯ ಮೇಲೆ ಸೂಚಿಸಿದಷ್ಟು ದಿನಗಳ ಅಂತರವಿರದಿದ್ದರೆ ಹಣ್ಣಿನಲ್ಲಿ ಔಷಧಿಯ ಅಂಶ ಮಿತಿ ಮೀರಿ ಉಳಿಯಬಹುದು. ರಫ್ತಿನ ಮಾಲು ತಿರಸ್ಕೃತವಾಗಬಹುದು.

ಈಗ ಅನೇಕ ರೈತರ ಮನೆಗಳಲ್ಲಿಯೂ ರೈತ ಉತ್ಪಾದಕ ಕಂಪನಿಗಳ ಕಚೇರಿಗಳಲ್ಲಿಯೂ ಕಂಪ್ಯೂಟರ್ ಇದೆ. ಆದರೆ ದಾಖಲೆ ಎಲ್ಲಿದೆಯೆಂದು ಹುಡುಕುವ ಬೇಸರಕ್ಕೆ 'ನಾಳೆ ಬರೆದರಾಯಿತು' ಎಂದು ಬಿಡುವುದುಂಟು. ನಾಲ್ಕು ದಿನ ಕಳೆದ ಮೇಲೆ ತಾರೀಖು ನೆನಪಿರುವುದಿಲ್ಲ. ಕೀಲಿಮಣೆಯ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ ಕೂಡಲೇ ದಾಖಲೆ ತೆರೆಯುವಂತೆ ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಅನುಸರಿಸಬೇಕಾದ ಕ್ರಮ (ವಿಂಡೋಸ್ 10 ಮತ್ತು 11)

1. ಸಿಂಪರಣೆಯ ಲೆಕ್ಕವಿರುವ ಫೈಲಿನ ಮೇಲೆ ಮೌಸಿನ ಬಲ ಗುಂಡಿ ಒತ್ತಬೇಕು. ವಿಂಡೋಸ್ 11 ಇದ್ದಲ್ಲಿ ಮೊದಲು 'ಶೋ ಮೋರ್ ಆಪ್ಷನ್ಸ್' ಆರಿಸಬೇಕು.

2. 'ಸೆಂಡ್ ಟು' ಎಂಬಲ್ಲಿ 'ಡೆಸ್ಕ್‌ಟಾಪ್' ಆರಿಸಿದರೆ ಮುಖ್ಯ ಪರದೆಯ ಮೇಲೆ ಆ ಫೈಲಿನ ಚಿಹ್ನೆ ಮೂಡುತ್ತದೆ.

3. ಆ ಚಿಹ್ನೆಯ ಮೇಲೆ ಬಲ ಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆಯಬೇಕು.

4. 'ಶಾರ್ಟ್‌ಕಟ್ ಕೀ' ಎಂಬ ಚೌಕದಲ್ಲಿ ಕ್ಲಿಕ್ ಮಾಡಿ ಒಂದು ಅಕ್ಷರ, ಉದಾಹರಣೆಗೆ 'ಡಿ', ಒತ್ತಬೇಕು. ಕಂಟ್ರೋಲ್ ಮತ್ತು ಆಲ್ಟ್ ಎಂಬುವು ತಾವಾಗಿಯೇ ಸೇರಿಕೊಳ್ಳುತ್ತವೆ. ನಂತರ 'ಓಕೆ' ಒತ್ತಬೇಕು.

ಇನ್ನು ಮುಂದೆ ಕಂಟ್ರೋಲ್, ಆಲ್ಟ್, ಡಿ ಕೀಲಿಗಳನ್ನು ಕೂಡಿಯೇ ಒತ್ತಿದರೆ ದಾಖಲೆ ತೆರೆಯುತ್ತದೆ. ನುಡಿ, ಎಕ್ಸೆಲ್ ಮುಂತಾದ ತಂತ್ರಾಂಶಗಳ ಚಿಹ್ನೆ ಪರದೆಯ ಮೇಲಿದ್ದರೆ ಅವುಗಳಿಗೂ 3ನೆಯ ಹಂತದಿಂದ ಇದೇ ಕ್ರಮ ಅನ್ವಯಿಸುತ್ತದೆ.

ಪರದೆಯ ಕೆಳಗಿನ ಪಟ್ಟಿಯಲ್ಲಿ ಕೂರಿಸಿದ ತಂತ್ರಾಂಶಗಳಿಗೆ ಈ ಸಿದ್ಧತೆಯೂ ಬೇಕಿಲ್ಲ. ವಿಂಡೋಸ್ ಚಿಹ್ನೆಯ ಕೀಲಿಯ ಜೊತೆ 1 ಒತ್ತಿದರೆ ಎಡದಿಂದ ಮೊದಲನೆಯದು, 2 ಒತ್ತಿದರೆ ಎರಡನೆಯದು ತೆರೆಯುತ್ತದೆ. ಬ್ರೌಸರನ್ನು ಮೊದಲಿಗಿಟ್ಟರೆ ಸಿಂಪರಣೆಗೆ ಮುನ್ನ ಹವಾಮಾನ ಮುನ್ಸೂಚನೆ ನೋಡಲು ಅನುಕೂಲ.

ಮುನ್ನೆಚ್ಚರಿಕೆಗಳು

ಪರದೆಯ ಮೇಲಿನ ಚಿಹ್ನೆಯನ್ನು ಅಳಿಸಿದರೆ ಕೀಲಿ ಕೆಲಸ ಮಾಡುವುದಿಲ್ಲ. ಫೈಲು ಪೆನ್‌ಡ್ರೈವಿನಲ್ಲಿದ್ದರೆ, ಅದನ್ನು ತೆಗೆದಾಗ ದಾಖಲೆ ತೆರೆಯದು. ಆದ್ದರಿಂದ ಮೂಲ ಫೈಲು ಕಂಪ್ಯೂಟರಿನಲ್ಲಿಯೇ ಇರಲಿ, ಪೆನ್‌ಡ್ರೈವಿನಲ್ಲಿ ನಕಲು ಇರಲಿ. ಭಾರತೀಯ ಇಂಗ್ಲಿಷ್ ಕೀಲಿಮಣೆಯ ವ್ಯವಸ್ಥೆಯಲ್ಲಿ ಕಂಟ್ರೋಲ್, ಆಲ್ಟ್, 4 ಒತ್ತಿದರೆ ರೂಪಾಯಿ ಚಿಹ್ನೆ ಬರುವುದರಿಂದ ಆ ಅಂಕಿಯನ್ನು ಬಳಸಬಾರದು. ಆರಿಸಿದ ಅಕ್ಷರವನ್ನು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದರೆ ಮನೆಯವರೆಲ್ಲರೂ ಬಳಸಬಹುದು.

ಪಂಪು ತೊಳೆದಿಟ್ಟ ಮೇಲೆ ಅಂದೇ ತಾರೀಖು, ಔಷಧಿಯ ಹೆಸರು, ಪ್ರಮಾಣ ಮತ್ತು ಪ್ಲಾಟಿನ ಸಂಖ್ಯೆ ಬರೆದಿಡುವುದು ಸೂಕ್ತ. ಕೊಯ್ಲಿನ ದಿನ ಗೊತ್ತುಮಾಡುವಾಗ ಈ ಬರಹವೇ ಆಧಾರ.