ಗಣಕಯಂತ್ರದ ದಿನವಹಿ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಹೊರಡುವ ಘಟಪ್ರಭೆಯು ಗೋಕಾಕದ ಬಳಿ ಸುಮಾರು 52 ಮೀಟರು ಎತ್ತರದಿಂದ ಧುಮುಕಿ, ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಕಡೆಗೆ ಸಾಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಈ ನದಿ ಉಕ್ಕಿ ಗೋಕಾಕ ಪಟ್ಟಣಕ್ಕೂ ತೀರದ ಹಳ್ಳಿಗಳಿಗೂ ನುಗ್ಗಿದುದು ಜನರ ನೆನಪಿನಿಂದ ಮಾಸಿಲ್ಲ. ಇಂತಹ ನದಿಯ ನೀರಿನ ಮಟ್ಟವನ್ನು ಲೆಕ್ಕ ಹಾಕುವ ಗಣಕಯಂತ್ರದ ಪ್ರೋಗ್ರಾಮೊಂದನ್ನು ಕಲ್ಪಿಸಿಕೊಳ್ಳಬಹುದು. ಅದು ತಪ್ಪು ಅಂಕಿಯನ್ನು ಕೊಟ್ಟರೆ, ಆ ತಪ್ಪು ಎಲ್ಲಿ ಹುಟ್ಟಿತೆಂದು ತಿಳಿಯಲು ಪ್ರೋಗ್ರಾಮು ತನ್ನ ನಡೆಯ ದಿನವಹಿಯೊಂದನ್ನು ಇಟ್ಟಿರಬೇಕಾಗುತ್ತದೆ. ಇದನ್ನೇ ‘ಲಾಗ್’ ಎನ್ನುವರು; ಇದನ್ನು ಬರೆಯುವ ಭಾಗವೇ ಲಾಗ್ ಫಂಕ್ಷನ್.

ಅಳತೆಗೋಲು ನೀರಿನ ಮಟ್ಟವನ್ನು ತೋರಿಸುತ್ತದೆಯೇ ಹೊರತು ನೀರನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಲಾಗ್ ಫಂಕ್ಷನ್ನಿನ ಮೊದಲ ಧರ್ಮವೂ ಇದೇ. ಅದು ಕಂಡುದನ್ನು ಬರೆಯಬೇಕು. ಒಂದು ಅಂಕಿಯನ್ನೂ ಬದಲಿಸಬಾರದು. ಅದನ್ನು ಇಟ್ಟರೂ ತೆಗೆದರೂ ಪ್ರೋಗ್ರಾಮಿನ ಉತ್ತರ ಒಂದೇ ಆಗಿರಬೇಕು. ಬರೆಯುವ ಸ್ಥಳ ತುಂಬಿ ದಾಖಲೆ ನಿಂತುಹೋದರೂ ಲೆಕ್ಕದ ಕೆಲಸ ನಿಲ್ಲಬಾರದು.

ಎರಡನೆಯದಾಗಿ, ಬರೆದುದು ಓದುವವನಿಗೆ ದಾರಿ ತೋರಬೇಕು. ‘ತಪ್ಪಾಗಿದೆ’ ಎಂಬ ಒಂದೇ ಮಾತು ಸಾಲದು. ಯಾವ ವೇಳೆಯಲ್ಲಿ, ಪ್ರೋಗ್ರಾಮಿನ ಯಾವ ಭಾಗದಲ್ಲಿ, ಯಾವ ಅಂಕಿ ಬಂದಾಗ ತಪ್ಪಾಯಿತೆಂಬುದು ಇರಬೇಕು. ಗುಪ್ತಪದಗಳಂತಹ ಖಾಸಗಿ ವಿವರಗಳು ಮಾತ್ರ ಅಲ್ಲಿ ಸೇರಬಾರದು. 2009ರಲ್ಲಿ ಪ್ರಕಟವಾದ ಸಿಸ್‌ಲಾಗ್ ಮಾನದಂಡವು ದಾಖಲೆಗಳನ್ನು 0ಯಿಂದ 7ರವರೆಗೆ ಎಂಟು ದರ್ಜೆಗಳಾಗಿ ವಿಂಗಡಿಸಿದೆ. 0 ಅತ್ಯಂತ ತುರ್ತಿನದು, 7 ದೋಷಶೋಧನೆಯದು. ನಿತ್ಯದ ಕೆಲಸದಲ್ಲಿ 7ನೆಯ ದರ್ಜೆಯನ್ನು ಮುಚ್ಚಿಟ್ಟು, ಬೇಕಾದಾಗ ತೆರೆಯುವುದು ವಾಡಿಕೆ. ಇಲ್ಲವಾದರೆ ಸಣ್ಣ ವಿವರಗಳ ರಾಶಿಯಲ್ಲಿ ಅಪಾಯದ ಸೂಚನೆ ಹೂತುಹೋಗುತ್ತದೆ.

ಈ ಧರ್ಮ ತಪ್ಪಿದರೆ ಏನಾಗುವುದೆಂಬುದಕ್ಕೆ 2021ರ ಡಿಸೆಂಬರ್ ತಿಂಗಳು ಸಾಕ್ಷಿ. ಜಾವಾ ಭಾಷೆಯ ಪ್ರೋಗ್ರಾಮುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ‘ಲಾಗ್‌ಫೋರ್‌ಜೆ’ ಎಂಬ ದಾಖಲೆಯ ಸಾಧನದಲ್ಲಿ ಆಗ ಭಾರಿ ದೋಷವೊಂದು ಬೆಳಕಿಗೆ ಬಂದಿತು. ಹೊರಗಿನಿಂದ ಬಂದ ಮಾತನ್ನು ಬರೆದಿಡುವುದಷ್ಟೇ ಅದರ ಕೆಲಸವಾಗಿತ್ತು. ಆದರೆ ಆ ಮಾತಿನಲ್ಲಿ ಅಡಗಿಸಿದ ಸಂಕೇತವನ್ನು ಅದು ಆಜ್ಞೆಯೆಂದು ಭಾವಿಸಿ, ದೂರದ ಯಂತ್ರದಿಂದ ಪರಕೀಯರ ಪ್ರೋಗ್ರಾಮನ್ನು ತಂದು ನಡೆಸಲು ಆಸ್ಪದವೀಯುತ್ತಿತ್ತು. ಲೋಕದಾದ್ಯಂತ ಸಂಸ್ಥೆಗಳು ಅವಸರದಿಂದ ತಮ್ಮ ಯಂತ್ರಗಳನ್ನು ಸರಿಪಡಿಸಿಕೊಳ್ಳಬೇಕಾಯಿತು.

ಶಾಲೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿಯುವ ವಿದ್ಯಾರ್ಥಿಗೆ ಸರಿಯುತ್ತರ ತರಿಸುವುದರ ಜೊತೆಗೆ ತಪ್ಪಿನ ಜಾಡನ್ನು ಉಳಿಸುವುದನ್ನೂ ಅಧ್ಯಾಪಕರು ಕಲಿಸುವುದು ಅಗತ್ಯ. ನದಿ ಏರುವ ರಾತ್ರಿ ಅಂಕಿ ತಪ್ಪಿದರೆ, ಅದನ್ನು ಬೇಗನೆ ತಿದ್ದಲು ಆ ಜಾಡೇ ಆಧಾರವಾಗುತ್ತದೆ.