ಎಳೆದರೆ ಕಳಚಿಕೊಳ್ಳುವ ವೈರು

ಅಪ್ಪ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ ನಮ್ಮ ಡೊಂಬಿವಲಿಯ ಒನ್ ಬಿಎಚ್‌ಕೆಗೆ ಬಂದು ಎರಡು ವರ್ಷವಾಯಿತು. ಅವರ ಕಿವಿ ಸ್ವಲ್ಪ ಮಂದ. ರಾತ್ರಿ ಟಿವಿಯ ದನಿ ಏರಿಸಿದರೆ ಓದಲು ಕೂತ ಮಗಳಿಗೆ ತೊಂದರೆ. ಹಾಗಾಗಿ ನನ್ನ ಹಳೆಯ ಹೆಡ್‌ಫೋನ್ ಅಪ್ಪನ ಪಾಲಾಯಿತು. ಬ್ಲೂಟೂತ್ ಕೊಡಿಸಿ ನೋಡಿದ್ದೆ. ಚಾರ್ಜ್ ಮಾಡುವುದು, ಪೇರ್ ಮಾಡುವುದು ಅವರಿಗೆ ಒಗ್ಗಲಿಲ್ಲ.

ಒಂದು ರಾತ್ರಿ ನೀರು ಕುಡಿಯಲು ಎದ್ದವರು ಕಿವಿಯಲ್ಲಿ ಹೆಡ್‌ಫೋನ್ ಇರುವುದನ್ನೇ ಮರೆತರು. ವೈರು ಕಾಲಿಗೆ ಸುತ್ತಿಕೊಂಡಿತು. ಗೋಡೆ ಸಿಕ್ಕಿದ್ದರಿಂದ ಬೀಳಲಿಲ್ಲ, ಆದರೆ ವೈರು ಎಡಗಿವಿಯ ಬುಡದಲ್ಲೇ ಕಿತ್ತು ಬಂತು. 74ರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಿದ್ದರೆ? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ರಿಪೇರಿಗೆ ಒಯ್ದಲ್ಲಿ "ವಾರಂಟಿ ಮುಗಿದಿದೆ, ಹೊಸದು ತಗೊಳ್ಳಿ" ಎಂದರು. ಐರೋಲಿಯ ಆಫೀಸಿಗೆ ಹೋಗುವಾಗ, ಠಾಣೆಯಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿಗೆ ಕಾಯುತ್ತ ಹೊಳೆಯಿತು: ಹೆಡ್‌ಫೋನಿಗೇ ಒಂದು ಜಾಕ್ ಕೂರಿಸಿದರೆ? ಇದು ಹೊಸ ವಿಚಾರವೇನಲ್ಲ. ಆಡಿಯೊ-ಟೆಕ್ನಿಕಾದ ಹೆಸರಾಂತ ಎಂ50 ಹೆಡ್‌ಫೋನ್ 2014ರಲ್ಲಿ ಎಂ50ಎಕ್ಸ್ ಆದಾಗ ಬಂದ ದೊಡ್ಡ ಬದಲಾವಣೆಯೇ ಕಳಚುವ ಕೇಬಲ್. ಅದಕ್ಕೆ ತಿರುಗಿಸಿ ಬಿಗಿಯುವ ಲಾಕ್ ಇದೆ. ನನಗೆ ಬೇಕಾದದ್ದು ಲಾಕ್ ಇಲ್ಲದ್ದು.

ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದೆ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ 3.5 ಮಿ.ಮೀ. ಸ್ಟೀರಿಯೊ ಸಾಕೆಟ್ ಎರಡು ವಡಾಪಾವ್‌ಗಳ ಬೆಲೆಗೆ ಸಿಕ್ಕಿತು. ಎರಡೂ ತುದಿಗೆ ಪಿನ್ ಇರುವ ಮೂರು ಮೀಟರ್ ಕೇಬಲ್ಲನ್ನೂ ತಂದೆ.

ಕೆಲಸ ಸಣ್ಣದು, ಆದರೆ ತಾಳ್ಮೆ ಬೇಕು. ಕುಶನ್ ತೆಗೆದು, ಸ್ಕ್ರೂ ಬಿಚ್ಚಿ, ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದೆ. ತೂತು ಕೊರೆಯುವ ಮುನ್ನ ಸ್ಪೀಕರನ್ನು ಹೊರತೆಗೆಯಬೇಕು. ಪುಡಿ ಅದರ ತೆಳು ಪರದೆಯ ಮೇಲೆ ಬಿದ್ದರೆ ಕರಕರ ಸದ್ದು ಶುರು. ತೂತು ನೇರ ಕೆಳಮುಖವಾಗಿರಬೇಕು, ಏಕೆಂದರೆ ಅಡ್ಡ ಎಳೆದರೆ ಪಿನ್ ಸುಲಭಕ್ಕೆ ಬಿಡುವುದಿಲ್ಲ. ಒಳಗಿನ ಕೂದಲೆಳೆ ತಂತಿಗಳಿಗೆ ಬಣ್ಣದ ಲೇಪವಿರುತ್ತದೆ. ಅದನ್ನು ಕಾದ ಸೋಲ್ಡರಿಂಗ್ ಐರನ್ನಿನಿಂದ ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯದು, ಕಿಟಕಿ ತೆರೆದಿರಲಿ. ಪಿನ್ನಿನ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಬಣ್ಣ ನಂಬದೆ ಮಲ್ಟಿಮೀಟರಿನಿಂದ ನೋಡಿಕೊಳ್ಳುವುದು ಒಳ್ಳೆಯದು. ಬ್ಲೂಟೂತ್ ಅಥವಾ ನಾಯ್ಸ್ ಕ್ಯಾನ್ಸಲಿಂಗ್ ಇರುವ ಹೆಡ್‌ಫೋನಿಗೆ ಮಾತ್ರ ಈ ಸಾಹಸ ಬೇಡ, ಒಳಗೆ ಸರ್ಕ್ಯೂಟ್ ಇರುತ್ತದೆ.

ಎಲ್ಲ ಮುಗಿಸಿ ಅಪ್ಪನ ಕಿವಿಗೆ ಹಾಕಿದೆ. ಎರಡು ನಿಮಿಷ ವಾರ್ತೆ ನೋಡಿ ಅವರೆಂದರು: "ಏನಪಾ, ಆಕಿ ಬಾಯಿ ಅಷ್ಟ ಅಲ್ಲಾಡಸ್ತಾಳ, ದನಿನ ಇಲ್ಲಲ್ಲಾ! ಬರೇ ಮ್ಯೂಸಿಕ್ ಕೇಳಸ್ತದ."

ಮನೆಮಂದಿ ನಕ್ಕರು. ಗ್ರೌಂಡಿನ ಬೆಸುಗೆ ಬಿಟ್ಟಿತ್ತು. ಹಾಗಾದಾಗ ಎಡ ಬಲಗಳ ನಡುವಿನ ವ್ಯತ್ಯಾಸವಷ್ಟೇ ಕೇಳಿಸುತ್ತದೆ. ಎರಡರಲ್ಲೂ ಸಮನಾಗಿರುವ ಮಾತು ಮಾಯವಾಗುತ್ತದೆ. ಮತ್ತೆ ಬಿಚ್ಚಿ ಬೆಸೆದೆ. ದನಿ ಬಂತು.

ಗ್ರಾಹಕರಿಗೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ಶುರುಮಾಡಿತು. ಆದರೆ ಬಿಚ್ಚಿ ನೋಡುವ ಧೈರ್ಯ ನಮ್ಮದೇ ಆಗಬೇಕು. ದಿನವಿಡೀ ಕೋಡ್ ಬರೆಯುವ ನನಗೂ ಆ ಧೈರ್ಯ ಬಂದದ್ದು ಅಪ್ಪ ಎಡವಿದ ಮೇಲೆಯೇ.

ಕಳೆದ ವಾರ ರಾತ್ರಿ ಹಾಲಿನಿಂದ 'ಟಕ್' ಎಂಬ ಸದ್ದು ಬಂತು. ಓಡಿ ಹೋದೆ. ಕೇಬಲ್ ನೆಲದ ಮೇಲಿತ್ತು. ಅಪ್ಪ ತಲೆಯ ಮೇಲಿನ ಹೆಡ್‌ಫೋನ್ ಸಮೇತ ಅಡುಗೆಮನೆಯಲ್ಲಿ ನಿಂತು ನೀರು ಕುಡಿಯುತ್ತಿದ್ದರು. ವಾಪಸು ಬಂದು ತಾವೇ ಸಿಕ್ಕಿಸಿಕೊಂಡು ಕೂತರು.